ಔಷಧ ಚೀಟಿಯಲ್ಲಿ ಊಟಕ್ಕೂ ಜಾಗ ಬೇಕು

‘ಏನ್ ಉಣ್ಬೇಕು ಅಂತ ಹೇಳಾಕ ಒಬ್ರಿಗೆ ಸರ್ಕಾರ ಪಗಾರ ಕೊಡ್ಬೇಕೇನ್ರಿ? ನಮ್ಮವ್ವಗ ಗೊತ್ತಿರ್ಲಿಲ್ಲೇನು?’ ರಾಯಚೂರು ಜಿಲ್ಲೆಯ ಶಕ್ತಿನಗರದ ಆರೋಗ್ಯ ಶಿಬಿರವೊಂದರಲ್ಲಿ ಶುಗರ್ ತಪಾಸಣೆಗೆ ಸರದಿ ನಿಂತಿದ್ದ ಹಿರಿಯರೊಬ್ಬರು ಹೀಗೆಂದಾಗ ಸುತ್ತಲಿದ್ದವರು ತಲೆದೂಗಿದರು. ಡಯಟಿಷಿಯನ್ ಎಂದರೆ ತೂಕ ಇಳಿಸಿಕೊಳ್ಳಲು ಹೊರಟ ಉಳ್ಳವರಿಗೆ ಸೇರಿದವರು ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿದೆ. ನನ್ನ ಅಭಿಪ್ರಾಯ ಇದಕ್ಕೆ ತದ್ವಿರುದ್ಧ. ಬೆಂಗಳೂರಿನ ದೊಡ್ಡ ಖಾಸಗಿ ಆಸ್ಪತ್ರೆಗಳಿಗಿಂತ ಮೊದಲು ಆಹಾರ ತಜ್ಞರು ಬೇಕಾಗಿರುವುದು ದೇವದುರ್ಗ, ಮಾನ್ವಿಗಳ ಸರ್ಕಾರಿ ಆಸ್ಪತ್ರೆಗಳಿಗೆ.

ಅವ್ವನಿಗೆ ಗೊತ್ತಿತ್ತು, ನಿಜ. ಜೋಳದ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ, ಮೊಳಕೆ ಬರಿಸಿದ ಹೆಸರುಕಾಳು ಕೂಡಿದ ಊಟ ಇಂದಿಗೂ ತಜ್ಞರು ಮೆಚ್ಚುವಂಥದ್ದು. ಆದರೆ ಆ ತಿಳಿವಳಿಕೆ ಆ ಹೊಲಕ್ಕೆ, ಆ ದುಡಿಮೆಗೆ ಹೊಂದಿಕೊಂಡಿತ್ತು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಮಾನ್ವಿಯ ಜೋಳದ ಹೊಲಗಳು ಗದ್ದೆಗಳಾದವು. ನಾರಾಯಣಪುರ ಬಲದಂಡೆ ಕಾಲುವೆ ದೇವದುರ್ಗದ ಬೆಳೆಯನ್ನೂ ಬದಲಿಸಿತು. 2013ರ ಅನ್ನಭಾಗ್ಯ ಹಸಿವನ್ನು ನೀಗಿತು, ಜೊತೆಗೆ ಅನ್ನವನ್ನು ಎರಡು ಹೊತ್ತಿನ ಊಟವನ್ನಾಗಿಸಿತು. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿದ್ದರೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ತಟ್ಟೆಯೊಳಗಿನದು ಇಷ್ಟು ಬದಲಾದಾಗ ಅವ್ವನ ಅಳತೆ ಹೇಗೆ ನಡೆದೀತು?

ಆ ಹಳೆಯ ಊಟವೂ ಪರಿಪೂರ್ಣವಾಗಿರಲಿಲ್ಲ. ದಖ್ಖನ್ ಪ್ರಸ್ಥಭೂಮಿಯಲ್ಲಿ ಬರೀ ಜೋಳವನ್ನೇ ನೆಚ್ಚಿದ್ದ ಬಡವರನ್ನು ಪೆಲಾಗ್ರ ಕಾಡುತ್ತಿತ್ತು: ಬಿಸಿಲು ಬಿದ್ದ ಚರ್ಮ ಸುಟ್ಟಂತಾಗಿ ಸುಲಿಯುವುದು, ಭೇದಿ, ಕೊನೆಗೆ ಬುದ್ಧಿಭ್ರಮಣೆ. ಹೈದರಾಬಾದಿನ ಇಂದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಲ್ಲಿ, ಅಂದರೆ ರಾಯಚೂರಿನವರಿಗೆ ಬೆಂಗಳೂರಿಗಿಂತ ಹತ್ತಿರದ ಊರಿನಲ್ಲಿ, ಇದರ ಬೆನ್ನುಹತ್ತಿದವರು ಡಾ. ಸಿ. ಗೋಪಾಲನ್. ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಇದಕ್ಕೆ ಕಾರಣವೆಂದು ಅವರೂ ಎಸ್.ಜಿ. ಶ್ರೀಕಾಂತಯ್ಯನವರೂ 1960ರಲ್ಲಿ ವಾದಿಸಿದರು. ಜೋಳವನ್ನು ಬಿಡಬೇಕು ಎಂದಲ್ಲ. ಜೊತೆಗೆ ಏನಿರಬೇಕು, ಎಷ್ಟಿರಬೇಕು ಎಂಬುದನ್ನು ಕಂಡುಕೊಳ್ಳಲು ಅಭ್ಯಾಸ ಸಾಲದು, ಓದೂ ಬೇಕು ಎಂದಷ್ಟೇ.

ಇನ್ನು ಶಕ್ತಿನಗರಕ್ಕೆ ಬರುತ್ತೇನೆ. 1985ರಿಂದ ಇಲ್ಲಿ ಶಾಖೋತ್ಪನ್ನ ಕೇಂದ್ರ ವಿದ್ಯುತ್ ಉತ್ಪಾದಿಸುತ್ತಿದೆ. ಎಂಟು ಘಟಕ, 1720 ಮೆಗಾವಾಟ್ ಸಾಮರ್ಥ್ಯ. ಬಾಯ್ಲರಿಗೆ ರಾತ್ರಿಯಿಲ್ಲ, ಹಾಗಾಗಿ ಕಾರ್ಮಿಕರಿಗೂ ಇಲ್ಲ. ಐವತ್ತರ ಆಸುಪಾಸಿನ, ಶುಗರ್ ಇರುವ ಒಬ್ಬ ಪಾಳಿ ಕೆಲಸಗಾರರನ್ನು ಕಲ್ಪಿಸಿಕೊಳ್ಳಿ. ಚೀಟಿಯಲ್ಲಿ ‘ತಿಂಡಿಗೆ ಮುಂಚೆ ಒಂದು, ರಾತ್ರಿ ಊಟಕ್ಕೆ ಮುಂಚೆ ಒಂದು’ ಎಂದಿದೆ. ರಾತ್ರಿ ಪಾಳಿಯ ವಾರದಲ್ಲಿ ಅವರು ಡಬ್ಬಿ ಬಿಚ್ಚುವುದು ನಡುರಾತ್ರಿ ದಾಟಿದ ಮೇಲೆ. ಬೆಳಿಗ್ಗೆ ಬಂದು ಮಾತ್ರೆ ನುಂಗಿ, ಸುಸ್ತಿಗೆ ತಿಂಡಿಯನ್ನೂ ಬಿಟ್ಟು ಮಲಗುತ್ತಾರೆ. ಕೆಲವು ಶುಗರ್ ಮಾತ್ರೆಗಳು ಊಟ ತಪ್ಪಿದರೆ ರಕ್ತದ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸುತ್ತವೆ. ನಿದ್ದೆಯಲ್ಲಿ ಬೆವತು ನಡುಗಿದರೆ ಗಮನಿಸುವವರು ಯಾರು? ಹಗಲು ಪಾಳಿಯ ವಾರ ಮಂಡಾಳು ಒಗ್ಗರಣೆ, ಮಿರ್ಚಿ. ಇಳಿದ ಸಕ್ಕರೆ ಮತ್ತೆ ಏರುತ್ತದೆ. ಡಾಕ್ಟರು ಮಾತ್ರೆಯ ಡೋಸ್ ಏರಿಸುತ್ತಾರೆ. ಅವರನ್ನು ದೂರಲಾರೆ, ಹೊರಗೆ ಸಾಲು ನಿಂತಿದೆ. ಈ ವಾರ ಯಾವ ಪಾಳಿ, ಡಬ್ಬಿಯಲ್ಲಿ ರೊಟ್ಟಿ ಎಷ್ಟು, ಚಹಾ ಎಷ್ಟು ಸಲ, ಸಕ್ಕರೆ ಎಷ್ಟು ಚಮಚ ಎಂದು ಅರ್ಧ ತಾಸು ಕೂತು ಕೇಳಿ, ಊಟದ ಹೊತ್ತನ್ನು ಗೊತ್ತುಮಾಡಿ, ಮಾತ್ರೆಯ ಹೊತ್ತು ಬದಲಿಸಬೇಕಿದ್ದರೆ ಡಾಕ್ಟರಿಗೆ ಬರೆದು ತಿಳಿಸುವವರು ಬೇಕು. ಆ ಕೆಲಸಕ್ಕೇ ತರಬೇತಿ ಪಡೆದವರು ಆಹಾರ ತಜ್ಞರು.

ಕಿಡ್ನಿ ರೋಗಿಯ ವಿಷಯದಲ್ಲಂತೂ ಒಳ್ಳೆಯ ಮನಸ್ಸಿನ ಸಲಹೆಯೇ ಕೊಲ್ಲಬಹುದು. ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ‘ತಂಪು’ ಎಂದು ಕುಡಿಸುವ ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು; ಅದು ರಕ್ತದಲ್ಲಿ ಏರಿದರೆ ಹೃದಯ ನಿಲ್ಲಬಹುದು. ಡಯಾಲಿಸಿಸ್‌ಗೆ ಮುಂಚೆ ಮಿತಿಗೊಳಿಸಿದ್ದ ಪ್ರೋಟೀನನ್ನು ಅದು ಶುರುವಾದ ಮೇಲೆ ಹೆಚ್ಚಿಸಬೇಕಾಗುತ್ತದೆ. ಮೊಬೈಲಿನಲ್ಲಿ ಪುಡಿ ಮಾರುತ್ತ ಎಲ್ಲರಿಗೂ ಒಂದೇ ಪಥ್ಯ ಹೇಳುವವರ ಮಾತು ಚರ್ಚೆಗೂ ಯೋಗ್ಯವಲ್ಲ.

ನಾನು ಗೌರವಿಸುವ ಆಕ್ಷೇಪ ಬೇರೆಯದಿದೆ. ಹತ್ತಿ ಬಿಡಿಸುವ ಕೂಲಿಯಲ್ಲಿ ಬದುಕುವ, ಕೂಲಿ ಸಿಗದಾಗ ಬೆಂಗಳೂರಿಗೆ ಗುಳೆ ಹೋಗುವ ದೇವದುರ್ಗದ ಹೆಣ್ಣುಮಗಳಿಗೆ ‘ಹಣ್ಣು, ಹಾಲು, ಸೊಪ್ಪು ತಿನ್ನು’ ಎನ್ನುವುದು ಅವಮಾನ. ಆಕೆಗೆ ಕಡಿಮೆಯಿರುವುದು ಹಣ, ಜ್ಞಾನವಲ್ಲ ಎನ್ನುತ್ತಾರೆ. ಈ ಮಾತು ನಿಜ. ಕೂಲಿ ಹೆಚ್ಚಿಸುವ ಶಕ್ತಿ ಯಾವ ಆಹಾರ ತಜ್ಞರಿಗೂ ಇಲ್ಲ. 2011ರಲ್ಲಿ ರಾಯಚೂರಿನ ಅಪೌಷ್ಟಿಕ ಮಕ್ಕಳ ಸುದ್ದಿ ನಾಡನ್ನು ಕಲಕಿ, ವಿಷಯ ಹೈಕೋರ್ಟಿಗೆ ಹೋಗಿ, ನ್ಯಾಯಮೂರ್ತಿ ಎನ್.ಕೆ. ಪಾಟೀಲರ ಸಮಿತಿ ಕೂತಾಗಲೂ ಬಡತನವೇ ಎದ್ದು ಕಂಡಿತು. ಆದರೆ ಹಣ ಕಡಿಮೆಯಿದ್ದಷ್ಟೂ ಅದರಲ್ಲಿ ಕೊಂಡದ್ದು ಮೈಗೆ ಹತ್ತಬೇಕು. ಗರ್ಭಿಣಿಗೆ ಕೊಟ್ಟ ಕಬ್ಬಿಣದ ಮಾತ್ರೆಯನ್ನು ಚಹಾದ ಜೊತೆಗೋ ಕ್ಯಾಲ್ಸಿಯಂ ಮಾತ್ರೆಯ ಜೊತೆಗೋ ನುಂಗಿದರೆ ಅದರ ಬಹುಪಾಲು ಮೈಗೆ ಸೇರುವುದಿಲ್ಲ; ಊಟದ ಮೇಲೆ ನಿಂಬೆ ಹಿಂಡಿದರೆ ಸೊಪ್ಪು ಕಾಳಿನ ಕಬ್ಬಿಣ ಚೆನ್ನಾಗಿ ಸೇರುತ್ತದೆ. ಇದಕ್ಕೆ ಹೆಚ್ಚಿನ ಖರ್ಚಿಲ್ಲ. ರೇಷನ್ ಅಕ್ಕಿ, ಶೇಂಗಾ, ಬದುವಿನ ಸೊಪ್ಪು, ಅಂಗನವಾಡಿಯಲ್ಲಿ ಸಿಗುವ ಮೊಟ್ಟೆ, ಇವಿಷ್ಟರಲ್ಲೇ ಪಥ್ಯ ಬರೆಯಲಾರದವರು ಈ ಜಿಲ್ಲೆಯಲ್ಲಿ ಕೆಲಸ ಮಾಡಲಾರರು.

ಆಶಾ, ಅಂಗನವಾಡಿ ಕಾರ್ಯಕರ್ತೆಯರು ಇದನ್ನೆಲ್ಲ ಹೇಳುತ್ತಿಲ್ಲವೇ? ಗರ್ಭಿಣಿಯರಿಗೆ, ಮಕ್ಕಳಿಗೆ ಹೇಳುತ್ತಿದ್ದಾರೆ, ಹೊರಲಾರದಷ್ಟು ಹೊತ್ತುಕೊಂಡೇ ಹೇಳುತ್ತಿದ್ದಾರೆ. ಶುಗರ್, ಬಿಪಿ, ಕಿಡ್ನಿಯ ಪಥ್ಯವನ್ನೂ ಅವರ ತಲೆಗೆ ಕಟ್ಟುವುದು ಅನ್ಯಾಯ.

ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯ ಅಂದಾಜಿನಂತೆ ದೇಶದ ಒಟ್ಟು ರೋಗಭಾರದಲ್ಲಿ ಶೇ 56.4ರಷ್ಟಕ್ಕೆ ಸರಿಯಿಲ್ಲದ ಆಹಾರವೇ ಕಾರಣ. 2021ರ ಕೇಂದ್ರ ಕಾಯ್ದೆ ಆಹಾರ ತಜ್ಞರನ್ನು ಆರೋಗ್ಯ ವೃತ್ತಿಪರರೆಂದು ಗುರುತಿಸಿಯೂ ಆಗಿದೆ. ಜಿಲ್ಲೆಯ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ, ಶುಗರ್ ಮತ್ತು ಬಿಪಿ ತಪಾಸಣೆ ನಡೆಯುವ ಕೊಠಡಿಯ ಪಕ್ಕದಲ್ಲೇ, ರಾಯಚೂರು ಸೀಮೆಯ ಮಾತು ಬಲ್ಲ ಒಬ್ಬ ಕಾಯಂ ಆಹಾರ ತಜ್ಞರು ಕೂರಬೇಕು. ನಮ್ಮ ಶಾಸಕರು ಬಜೆಟ್ ಅಧಿವೇಶನದಲ್ಲಿ ಈ ಹುದ್ದೆಗಳನ್ನು ಹೆಸರಿಟ್ಟು ಕೇಳಲಿ.