ಆಗುವ ಮುನ್ನವೇ ತಿಳಿಯಲಿ
ಪವಾಯಿ ಕ್ಯಾಂಪಸ್ಸಿನ ಕನ್ನಡ ವಿದ್ಯಾರ್ಥಿಗಳಿಗೂ ಮುಂಬಯಿಯ ಕನ್ನಡ ಮನೆಗಳಿಗೂ ಒಂದು ಮನವಿ

2017ರ ಡಿಸೆಂಬರ್ 30ರಂದು ಪವಾಯಿಯ ಐಐಟಿ ಆವರಣದಲ್ಲಿ ಸೋಫಿಯಾ ಎಂಬ ಮಾನವರೂಪಿ ರೋಬೋ ಸೀರೆಯುಟ್ಟು ವೇದಿಕೆಗೆ ಬಂದಿತ್ತು. ವಿದ್ಯಾರ್ಥಿಗಳೇ ನಡೆಸುವ ಟೆಕ್‌ಫೆಸ್ಟ್‌ಗೆ ಆ ವರ್ಷ ಅದೇ ದೊಡ್ಡ ಆಕರ್ಷಣೆ. ಕೂಡಲೇ ಅದರ ಚಿತ್ರ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಭಾಂಡುಪ್, ವಿಕ್ರೋಲಿ, ಚಾಂದಿವಲಿಯ ಕನ್ನಡ ಮನೆಗಳಲ್ಲೂ ಮಕ್ಕಳು ಅದನ್ನು ಕಣ್ಣರಳಿಸಿ ನೋಡಿರಬೇಕು. ಆ ಮನೆಗಳಿಂದ ಕ್ಯಾಂಪಸ್ಸಿನ ಗೇಟಿಗೆ ಒಂದೇ ಬಸ್ಸಿನ ದಾರಿ. ಆದರೆ ಚಿತ್ರ ಕೈಗೆ ಬರುವಷ್ಟರಲ್ಲಿ ಹಬ್ಬ ಮುಗಿಯುತ್ತ ಬಂದಿತ್ತು.

2023ರ ಜೂನ್‌ನಲ್ಲಿ ನಂದನ್ ನಿಲೇಕಣಿ ಇದೇ ಸಂಸ್ಥೆಗೆ 315 ಕೋಟಿ ರೂಪಾಯಿ ಕೊಟ್ಟರು. ಬೆಂಗಳೂರಿನಲ್ಲಿ ಹುಟ್ಟಿ, ಧಾರವಾಡದಲ್ಲಿ ಪಿಯುಸಿ ಓದಿ, 1973ರಲ್ಲಿ ಪವಾಯಿಗೆ ಬಂದ ಹುಡುಗ ಐವತ್ತು ವರ್ಷಗಳ ನಂತರ ಕೊಟ್ಟ ಕೊಡುಗೆಯದು. ಅದಕ್ಕೂ ಮೊದಲು ಅವರು ಕೊಟ್ಟಿದ್ದ 85 ಕೋಟಿ ಸೇರಿದರೆ ಒಟ್ಟು 400 ಕೋಟಿ. ಕನ್ನಡ ಪತ್ರಿಕೆಗಳು ಆ ಸುದ್ದಿಯನ್ನು ಅಭಿಮಾನದಿಂದ ಬರೆದವು. ಅದೇ ಕ್ಯಾಂಪಸ್ಸಿನಲ್ಲಿ ಮುಂದಿನ ವಾರ ಯಾವ ಉಪನ್ಯಾಸವಿದೆ, ಯಾವ ಪ್ರದರ್ಶನಕ್ಕೆ ಹೊರಗಿನವರು ಬರಬಹುದು, ಯಾವ ಸ್ಪರ್ಧೆಗೆ ಹೆಸರು ಕೊಡಲು ಕೊನೆಯ ದಿನ ಯಾವುದು ಎಂಬುದನ್ನು ಕನ್ನಡದಲ್ಲಿ ಹುಡುಕಿದರೆ ಸಿಗುವುದು ಅಪರೂಪ.

ಆಗಿಹೋದದ್ದು ಎಲ್ಲರಿಗೂ ಗೊತ್ತಾಗುತ್ತದೆ, ಆಗಲಿರುವುದು ಕೆಲವರಿಗಷ್ಟೇ ಗೊತ್ತಾಗುತ್ತದೆ. ಈ ಕರಪತ್ರದ ತಕರಾರು ಇಷ್ಟೇ. ಬೇಡಿಕೆಯೂ ಒಂದೇ: ಪವಾಯಿ ಕ್ಯಾಂಪಸ್ಸಿನ ಮುಂದಿನ ಹದಿನೈದು ದಿನಗಳ ಕಾರ್ಯಕ್ರಮಗಳು ಒಂದು ಹಾಳೆಯಲ್ಲಿ, ಕನ್ನಡದಲ್ಲಿ ಅಚ್ಚಾಗಿ ಹೊರಬರಬೇಕು.

ಕೇಳುವುದಕ್ಕೆ ಸಣ್ಣ ಮಾತು. ಆದರೆ ಕ್ಯಾಂಪಸ್ಸಿನ ಒಂದು ವರ್ಷವನ್ನು ಬಿಡಿಸಿ ನೋಡಿದರೆ ಎಷ್ಟು ಕೈತಪ್ಪುತ್ತಿದೆ ಎಂಬುದು ಅರಿವಾಗುತ್ತದೆ. ಸಾಮಾನ್ಯವಾಗಿ ಜುಲೈ ಕೊನೆಯ ಹೊತ್ತಿಗೆ ಹೊಸ ವಿದ್ಯಾರ್ಥಿಗಳು ಬರುತ್ತಾರೆ, ಆಗಸ್ಟಿನಲ್ಲಿ ಘಟಿಕೋತ್ಸವ. ಡಿಸೆಂಬರ್ ಬಂದರೆ ಟೆಕ್‌ಫೆಸ್ಟ್ ಮತ್ತು ಸಾಂಸ್ಕೃತಿಕ ಹಬ್ಬ ಮೂಡ್ ಇಂಡಿಗೋ. ಮಾರ್ಚ್ 10 ಸಂಸ್ಥೆಯ ಸ್ಥಾಪನಾ ದಿನ. 1959ರ ಅದೇ ದಿನ ನೆಹರೂ ಇಲ್ಲಿ ಅಡಿಗಲ್ಲು ಇಟ್ಟರು. ಇವುಗಳ ನಡುವೆ ರಾಸಾಯನಿಕ ಇಂಜಿನಿಯರಿಂಗ್‌ನವರ ಅಜಿಯೋಟ್ರೊಪಿ, ವಿಮಾನಯಾನ ಇಂಜಿನಿಯರಿಂಗ್‌ನವರ ಜೆಫಿರ್, ಉದ್ಯಮಶೀಲರಿಗಾಗಿ ಇ-ಸೆಲ್ ನಡೆಸುವ ಇ-ಸಮ್ಮಿಟ್, ಲೆಕ್ಕವಿಲ್ಲದಷ್ಟು ವಿಭಾಗೀಯ ಉಪನ್ಯಾಸಗಳು. ವಸಂತ ಸೆಮಿಸ್ಟರಿನ ಕೊನೆಗೆ ಹಾಸ್ಟೆಲುಗಳು ಗುಂಪುಗೂಡಿ ಬಯಲು ರಂಗಮಂದಿರದಲ್ಲಿ ನಾಟಕ, ಕುಣಿತ, ಸಂಗೀತವನ್ನೆಲ್ಲ ಬೆರೆಸಿ ಆಡುವ 'ಪ್ಯಾಫ್' ಇದೆ. ಅದರ ರಂಗಸಜ್ಜಿಕೆಗೆ ವಿದ್ಯಾರ್ಥಿಗಳು ರಾತ್ರಿಗಳನ್ನೇ ಸುರಿಯುತ್ತಾರೆ. ಅದು ಮುಖ್ಯವಾಗಿ ಒಳಗಿನವರ ಹಬ್ಬ. ಉಳಿದವುಗಳಲ್ಲಿ ಎಷ್ಟೋ ಕಾರ್ಯಕ್ರಮಗಳಿಗೆ ಹೆಸರು ನೋಂದಾಯಿಸಿ, ಗುರುತಿನ ಚೀಟಿ ತೋರಿಸಿದರೆ ಹೊರಗಿನವರಿಗೂ ಬಾಗಿಲು ತೆರೆಯುತ್ತದೆ.

ಮೂಡ್ ಇಂಡಿಗೋ ಶುರುವಾದದ್ದು 1971ರಲ್ಲಿ, ಕೆಲವೇ ಸಾವಿರ ರೂಪಾಯಿಗಳ ಖರ್ಚಿನಲ್ಲಿ. ಆಗ ಸಂಸ್ಥೆಯ ನಿರ್ದೇಶಕರಾಗಿದ್ದವರು ಧಾರವಾಡದಲ್ಲಿ ಹುಟ್ಟಿದ ಪುರುಷೋತ್ತಮ ಕಾಶಿನಾಥ ಕೇಳ್ಕರ್. ಪವಾಯಿಯ ಈ ಸಂಸ್ಥೆಯನ್ನು ಕಟ್ಟುವ ಯೋಜನೆಯಲ್ಲಿ ಕೈಜೋಡಿಸಿ, ಆಮೇಲೆ ಕಾನ್ಪುರದ ಐಐಟಿಗೆ ಮೊದಲ ನಿರ್ದೇಶಕರಾಗಿ ಹೋಗಿ, 1970ರಲ್ಲಿ ಪವಾಯಿಗೆ ಮರಳಿದವರು ಅವರು. ನಿಲೇಕಣಿ ಇಲ್ಲಿಗೆ ಸೇರಿದ್ದೂ ಅವರ ಕಾಲದಲ್ಲೇ. ಇಂದು ಮೂಡ್ ಇಂಡಿಗೋಗೆ ಬರುವವರ ಸಂಖ್ಯೆ ಲಕ್ಷ ದಾಟುತ್ತದೆ ಎಂದು ಸಂಘಟಕರು ಹೇಳುತ್ತಾರೆ. 1998ರಲ್ಲಿ ಹುಟ್ಟಿದ ಟೆಕ್‌ಫೆಸ್ಟ್‌ನದೂ ಅಷ್ಟೇ ದೊಡ್ಡ ಲೆಕ್ಕ. ಇಷ್ಟು ಜನ ಬರುವ ಹಬ್ಬಕ್ಕೆ ಪ್ರಚಾರದ ಕೊರತೆಯೇ ಎಂದು ಯಾರಾದರೂ ಕೇಳಬಹುದು. ಪ್ರಚಾರ ಬೇಕಾದಷ್ಟಿದೆ. ಅದು ಬಹುಪಾಲು ಇಂಗ್ಲಿಷಿನಲ್ಲಿ, ಕಾಲೇಜಿನಿಂದ ಕಾಲೇಜಿಗೆ, ವಿದ್ಯಾರ್ಥಿಯ ಮೊಬೈಲಿನಿಂದ ಇನ್ನೊಬ್ಬ ವಿದ್ಯಾರ್ಥಿಯ ಮೊಬೈಲಿಗೆ ಹೋಗುತ್ತದೆ. ಆ ಸರಪಳಿಯಲ್ಲಿ ಪರಿಚಯದವರಿಲ್ಲದ ಮನೆಗೆ ಅದು ಮುಟ್ಟುವುದಿಲ್ಲ.

ಅಂಥ ಮನೆಗಳು ಯಾವುವು? ಹೊಟೇಲಿನ ಗಲ್ಲಾದಲ್ಲಿ ಕೂರುವ ತಂದೆ, ಊರಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಮದುವೆಯಾಗಿ ಮುಂಬಯಿಗೆ ಬಂದ ತಾಯಿ, ಹತ್ತನೆಯ ತರಗತಿಯ ಮಗಳು. ಹಗಲು ಕೆಲಸ ಮಾಡಿ ರಾತ್ರಿ ಶಾಲೆಯಲ್ಲಿ ಕಲಿತ ಹಿಂದಿನ ತಲೆಮಾರು ಮಕ್ಕಳ ಓದಿಗಾಗಿ ಏನು ಮಾಡಲೂ ಸಿದ್ಧವಿತ್ತು, ಈಗಿನದೂ ಸಿದ್ಧವಿದೆ. ಅವರಿಗೆ ಬೇಕಾದದ್ದು ಸರಿಯಾದ ಹೊತ್ತಿಗೆ ಸಿಗುವ ಮಾಹಿತಿ.

ಒಂದು ಉದಾಹರಣೆ ಸಾಕು. ಐಐಟಿ ಎಂದರೆ ಗಣಿತ-ವಿಜ್ಞಾನ ಓದಿದವರಿಗೆ ಮಾತ್ರ ಎಂದು ಬಹಳ ಮಂದಿ ನಂಬಿದ್ದಾರೆ. ಪವಾಯಿಯ ಆವರಣದೊಳಗೇ 1969ರಿಂದ ಐಡಿಸಿ ಎಂಬ ವಿನ್ಯಾಸ ಶಾಲೆ ಇದೆ. ಅಲ್ಲಿನ ಪದವಿ ತರಗತಿಗೆ ಸೇರಲು ಬರೆಯಬೇಕಾದದ್ದು ಯುಸೀಡ್ ಎಂಬ ಪರೀಕ್ಷೆ. 2015ರಿಂದ ಅದನ್ನು ನಡೆಸುತ್ತಿರುವುದು ಇದೇ ಐಐಟಿ. ಹನ್ನೆರಡನೆಯ ತರಗತಿಯಲ್ಲಿ ವಿಜ್ಞಾನ, ವಾಣಿಜ್ಯ, ಕಲೆ ಯಾವುದನ್ನು ಓದುತ್ತಿದ್ದರೂ ಬರೆಯಬಹುದು. ಪರೀಕ್ಷೆ ಜನವರಿಯಲ್ಲಿ, ಅರ್ಜಿ ಹಾಕುವ ಕಾಲ ಅದಕ್ಕೆ ಕೆಲವು ತಿಂಗಳು ಮೊದಲೇ. ಚೆನ್ನಾಗಿ ಚಿತ್ರ ಬಿಡಿಸುವ, ಕಾಮರ್ಸ್ ಓದುವ ಹುಡುಗಿಯೊಬ್ಬಳ ತಾಯಿಗೆ ಈ ನಾಲ್ಕು ವಾಕ್ಯ ಅಕ್ಟೋಬರಿನಲ್ಲಿ ಕನ್ನಡದಲ್ಲಿ ಸಿಕ್ಕರೆ ಆ ಮನೆಯಲ್ಲಿ ನಡೆಯುವ ಮಾತುಕತೆಯೇ ಬೇರೆ. ಫೆಬ್ರವರಿಯಲ್ಲಿ ಸಿಕ್ಕರೆ ಒಂದು ವರ್ಷ ಹೋಯಿತು.

ಇಂಗ್ಲಿಷ್ ಬಾರದೆ ಐಐಟಿಯ ಕನಸೇಕೆ ಎಂಬ ಮಾತು ಇಲ್ಲಿ ಏಳುತ್ತದೆ. ಆ ಮಾತು ಹಳತಾಯಿತು. ಐಐಟಿಗೆ ಹೋಗುವ ದಾರಿಯ ಮೊದಲ ಮೆಟ್ಟಿಲಾದ ಜೆಇಇ ಮೇನ್ ಪರೀಕ್ಷೆಯನ್ನು 2021ರಿಂದ ಕನ್ನಡವೂ ಸೇರಿ 13 ಭಾಷೆಗಳಲ್ಲಿ ಬರೆಯಬಹುದು. ಪ್ರಶ್ನೆಪತ್ರಿಕೆಯೇ ಕನ್ನಡದಲ್ಲಿ ಬಂದಿರುವಾಗ ಪ್ರಕಟಣೆ ಬರಬಾರದೆ?

ಪವಾಯಿಗೆ ಕನ್ನಡ ಅಪರಿಚಿತವೂ ಅಲ್ಲ. ಈ ಸಂಗತಿ ಕನ್ನಡಿಗರಲ್ಲೇ ಎಷ್ಟೋ ಜನಕ್ಕೆ ತಿಳಿಯದು, ಆದ್ದರಿಂದ ಸ್ವಲ್ಪ ನಿಂತು ಹೇಳಬೇಕು. ವಿಂಡೋಸ್ ಎಕ್ಸ್‌ಪಿ ಬಂದಾಗ ಅದರೊಂದಿಗೆ 'ತುಂಗಾ' ಎಂಬ ಕನ್ನಡ ಅಕ್ಷರವಿನ್ಯಾಸ ಕಂಪ್ಯೂಟರುಗಳಿಗೆ ಬಂತು. ಸರ್ಕಾರಿ ಕಚೇರಿಯ ಪತ್ರದಿಂದ ಮದುವೆಯ ಕರೆಯೋಲೆಯವರೆಗೆ ವರ್ಷಗಟ್ಟಲೆ ಬಳಕೆಯಾದ ಅಕ್ಷರಗಳವು. ಅವುಗಳ ವಿನ್ಯಾಸಕ್ಕೆ ನೇತೃತ್ವ ವಹಿಸಿದವರು ರಘುನಾಥ ಕೃಷ್ಣ ಜೋಶಿ, ಎಲ್ಲರ ಬಾಯಲ್ಲಿ ಆರ್.ಕೆ. ಜೋಶಿ. ಮರಾಠಿ ಕವಿ, ಸುಂದರ ಬರಹದ ಕಲಾವಿದ, ಇದೇ ಐಡಿಸಿಯಲ್ಲಿ ವರ್ಷಗಳ ಕಾಲ ಪಾಠ ಹೇಳಿದ ಮೇಷ್ಟ್ರು. ತುಂಗಾ ರೂಪುಗೊಂಡದ್ದು ಅವರು ಪವಾಯಿ ಬಿಟ್ಟ ಮೇಲೆ, ಮುಂಬಯಿಯದೇ ಇನ್ನೊಂದು ಸಂಸ್ಥೆಯಲ್ಲಿ. ಭಾರತೀಯ ಲಿಪಿಗಳ ಬಗ್ಗೆ ಅವರು ಶಿಷ್ಯರಲ್ಲಿ ಬಿತ್ತಿದ ಆಸ್ಥೆ ಮಾತ್ರ ಐಡಿಸಿಯಲ್ಲಿ ಉಳಿಯಿತು. ಈಗ ಅಂಗಡಿಯ ಬೋರ್ಡುಗಳಲ್ಲೂ ಪೋಸ್ಟರುಗಳಲ್ಲೂ ಕಾಣುವ ದುಂಡುದುಂಡಾದ 'ಬಾಲೂ ತಮ್ಮ' ಅಕ್ಷರಗಳು ಎಕ್ ಟೈಪ್ ತಂಡದವು. ಐಡಿಸಿಯ ಅಧ್ಯಾಪಕ ಗಿರೀಶ್ ದಳ್ವಿ ಆ ತಂಡದ ಸ್ಥಾಪಕರಲ್ಲಿ ಒಬ್ಬರು. ಆ ಅಕ್ಷರಗಳನ್ನು ಯಾರು ಬೇಕಾದರೂ ಉಚಿತವಾಗಿ ಬಳಸಬಹುದು.

ಅಕ್ಷರದ ಆಚೆಗೂ ಕೆಲಸ ನಡೆದಿದೆ. ರಾಸಾಯನಿಕ ಇಂಜಿನಿಯರಿಂಗ್ ಪ್ರಾಧ್ಯಾಪಕ ಕಣ್ಣನ್ ಮೌದ್ಗಲ್ಯ ಕಟ್ಟಿದ 'ಸ್ಪೋಕನ್ ಟ್ಯುಟೋರಿಯಲ್' ಯೋಜನೆ ಮುಕ್ತ ತಂತ್ರಾಂಶಗಳನ್ನು ಕಲಿಸುವ ಕಿರುಚಿತ್ರಗಳಿಗೆ ಕನ್ನಡದಲ್ಲೂ ಧ್ವನಿ ಕೊಟ್ಟಿತು. ಪುಷ್ಪಕ್ ಭಟ್ಟಾಚಾರ್ಯ ಅವರ ನೇತೃತ್ವದಲ್ಲಿ ಬೆಳೆದ ಇಂಡೋವರ್ಡ್‌ನೆಟ್ ಎಂಬ ಶಬ್ದಜಾಲದಲ್ಲಿ ಕನ್ನಡದ ಪದಗಳಿವೆ. 2021ರ ಸೆಪ್ಟೆಂಬರಿನಲ್ಲಿ ಗಣೇಶ್ ರಾಮಕೃಷ್ಣನ್ ಮುನ್ನಡೆಸುವ 'ಉಡಾನ್' ಯೋಜನೆ ಹೊರಬಂತು. ಇಂಜಿನಿಯರಿಂಗ್ ಪಠ್ಯಗಳನ್ನು ಹಿಂದಿಗೂ, ಮುಂದೆ ಇತರ ಭಾರತೀಯ ಭಾಷೆಗಳಿಗೂ ಬೇಗ ತರುವುದು ಅದರ ಗುರಿ. ದಪ್ಪ ಪಠ್ಯಪುಸ್ತಕವನ್ನೇ ಭಾರತೀಯ ಭಾಷೆಗಳಿಗೆ ತರಹೊರಟ ಆವರಣಕ್ಕೆ ಒಂದು ಪುಟದ ಕಾರ್ಯಕ್ರಮ ಪಟ್ಟಿ ಭಾರವಾಗಲಾರದು.

ಮುಂಬಯಿಯಲ್ಲಿ ಮರಾಠಿ ಇರುವಾಗ ಕನ್ನಡವೇಕೆ ಎಂಬ ಪ್ರಶ್ನೆ ನ್ಯಾಯವಾದದ್ದು. ಈ ನೆಲದ ಭಾಷೆ ಮರಾಠಿ, ಅದಕ್ಕೆ ಮೊದಲ ಸ್ಥಾನ ಸಲ್ಲಲೇಬೇಕು. ಹಾಳೆಯ ಒಂದು ಮಗ್ಗುಲಲ್ಲಿ ಮರಾಠಿ, ಇನ್ನೊಂದು ಮಗ್ಗುಲಲ್ಲಿ ಕನ್ನಡ ಅಚ್ಚಾದರೆ ಅದಕ್ಕಿಂತ ಒಳ್ಳೆಯದಿಲ್ಲ. ತಮಿಳು, ತೆಲುಗು, ಗುಜರಾತಿಯವರು ತಮ್ಮ ತಮ್ಮ ಹಾಳೆ ತರಲಿ. ಇದು ಯಾರಿಂದಲೂ ಏನನ್ನೂ ಕಿತ್ತುಕೊಳ್ಳುವ ಬೇಡಿಕೆಯಲ್ಲ. ಕ್ಯಾಂಪಸ್ಸಿನ ಕನ್ನಡ ವಿದ್ಯಾರ್ಥಿಗಳು ತಮಗೆ ಗೊತ್ತಿರುವುದನ್ನು ತಮ್ಮವರಿಗೆ ತಿಳಿಸುವ ಕೆಲಸ, ಅಷ್ಟೆ.

ಈ ಹಾಳೆಯಿಂದ ಆ ವಿದ್ಯಾರ್ಥಿಗಳಿಗೂ ಸಿಗುವುದು ಬಹಳ. ಹುಬ್ಬಳ್ಳಿ, ಉಡುಪಿ, ಕಲಬುರಗಿಯಿಂದ ಬಂದು ಹಾಸ್ಟೆಲಿನಲ್ಲಿ ಇರುವವರು ಆವರಣದೊಳಗಿನ ಬಸ್ಸಾದ ಟಮ್‌ಟಮ್ ಹತ್ತಿ ಓಡಾಡುತ್ತಲೇ ವರ್ಷಗಳನ್ನು ಕಳೆಯುತ್ತಾರೆ. ಗೇಟಿನ ಆಚೆಯ ಕನ್ನಡ ಮುಂಬಯಿ ಅವರ ಕಣ್ಣಿಗೆ ಬೀಳುವುದೇ ಇಲ್ಲ. ಕಾಂಜೂರ್‌ಮಾರ್ಗದಲ್ಲಿ ಸ್ಲೋ ಲೋಕಲ್ ಹತ್ತಿದರೆ ವಿಕ್ರೋಲಿ, ಘಾಟ್‌ಕೋಪರ್, ವಿದ್ಯಾವಿಹಾರ್, ಕುರ್ಲಾ, ಸಯನ್ ದಾಟಿ ಮಾಟುಂಗಾ. ಅಲ್ಲಿ 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಶನ್ ಇದೆ. ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದ ಜೊತೆ ಸೇರಿ ಅದು ದತ್ತಿ ಉಪನ್ಯಾಸಗಳನ್ನು ನಡೆಸುತ್ತ ಬಂದಿದೆ. ಆ ವಿಭಾಗ ಇರುವುದು ಸಾಂತಾಕ್ರೂಜ್ ಪೂರ್ವದ ಕಲೀನಾದಲ್ಲಿ, ಪವಾಯಿಯಿಂದ ರಿಕ್ಷಾದಲ್ಲೇ ಹೋಗಬಹುದಾದಷ್ಟು ದೂರ. ಮಳೆಗಾಲದಲ್ಲಿ ಕರಾವಳಿಯ ಯಕ್ಷಗಾನ ಕಲಾವಿದರು ತಂಡ ಕಟ್ಟಿಕೊಂಡು ಮುಂಬಯಿಗೆ ಬರುತ್ತಾರೆ. ಹೊಸ ವಿದ್ಯಾರ್ಥಿಗಳು ಊರು ಬಿಟ್ಟು ಬಂದು ಮನೆಯ ನೆನಪಲ್ಲಿ ಕೊರಗುವ ಕಾಲವೂ ಅದೇ. ಚೆಂಡೆಯ ಸದ್ದು ಇಷ್ಟು ಹತ್ತಿರದಲ್ಲಿದ್ದೂ ಕಿವಿಗೆ ಬೀಳದೆ ಹೋಗುವುದು ನಿಜಕ್ಕೂ ನೋವಿನ ಸಂಗತಿ. ಆದ್ದರಿಂದ ಹಾಳೆಯ ಕೆಳಗಿನ ಭಾಗ ನಗರದ ಕನ್ನಡ ಕಾರ್ಯಕ್ರಮಗಳಿಗೆ ಮೀಸಲಾಗಲಿ.

ಇಂಥ ಪ್ರಕಟಣೆಯ ಅಭ್ಯಾಸ ಮುಂಬಯಿ ಕನ್ನಡಿಗರಿಗೆ ಹೊಸದಲ್ಲ. ಮೈಸೂರು ಅಸೋಸಿಯೇಶನ್ನಿನ 'ನೇಸರು', ಕರ್ನಾಟಕ ಸಂಘದ 'ಸ್ನೇಹ ಸಂಬಂಧ' ಸದಸ್ಯರ ಮನೆಗೆ ಸಂಘದ ಆಗುಹೋಗುಗಳನ್ನು ತಲುಪಿಸಿದ ಪತ್ರಿಕೆಗಳು. 'ಕರ್ನಾಟಕ ಮಲ್ಲ' ಈ ನಗರದ ಕನ್ನಡ ದೈನಿಕ. ಮುದ್ರಣಕ್ಕೆ ಕೈ, ಹಂಚಲು ಕಾಲು ಎರಡೂ ಇಲ್ಲಿವೆ. ಕ್ಯಾಂಪಸ್ಸಿನಿಂದ ಬರಬೇಕಾದದ್ದು ನಿಖರವಾದ ಮಾಹಿತಿ.

ನಿಖರ ಎಂಬುದಕ್ಕೆ ಒತ್ತು ಕೊಡಬೇಕು. 'ಎಲ್ಲರಿಗೂ ಸ್ವಾಗತ' ಎಂದು ಅಚ್ಚಾಗಿ, ಮಗುವನ್ನು ಕೈಹಿಡಿದು ಬಂದ ತಂದೆಯನ್ನು ಗೇಟಿನಲ್ಲಿ ತಡೆದರೆ ಆತ ಮತ್ತೆ ಈ ಕಡೆ ತಲೆ ಹಾಕುವುದಿಲ್ಲ. ಪ್ರತಿ ಕಾರ್ಯಕ್ರಮದ ಕೆಳಗೆ ದಿನ, ವೇಳೆ, ಸಭಾಂಗಣ ಇರಲಿ. ಮೇನ್ ಗೇಟಿನಿಂದ ಬರಬೇಕೋ ಮಾರ್ಕೆಟ್ ಗೇಟಿನಿಂದಲೋ, ಹೆಸರು ಮೊದಲೇ ಕೊಡಬೇಕೋ, ಕಾಲೇಜಿನ ಗುರುತಿನ ಚೀಟಿಯೇ ಬೇಕೋ ಆಧಾರ್ ಸಾಕೋ, ಟಿಕೆಟ್ ಉಂಟೋ ಎಂಬುದಿರಲಿ. ಮಾತು ಯಾವ ಭಾಷೆಯಲ್ಲಿ ನಡೆಯುತ್ತದೆ, ಯಾವ ವಯಸ್ಸಿನವರಿಗೆ ಹಿಡಿಸುತ್ತದೆ ಎಂಬ ಒಂದು ಸಾಲೂ ಬೇಕು. ಹೊರಗಿನವರಿಗೆ ಪ್ರವೇಶವಿಲ್ಲದ ಕಾರ್ಯಕ್ರಮವಾದರೆ ಹಾಗೆಂದೇ ಬರೆಯಬೇಕು. ಒಂದು ವಾಕ್ಯದಲ್ಲಿ ವಿಷಯದ ಪರಿಚಯವಿರಲಿ, ಅದೂ ತಾಯಿಗೆ ಫೋನಿನಲ್ಲಿ ವಿವರಿಸುವಂಥ ಕನ್ನಡದಲ್ಲಿ. ನಿಘಂಟಿನಿಂದ ಎತ್ತಿದ ಪಾರಿಭಾಷಿಕ ಪದಗಳನ್ನು ತುರುಕಿದರೆ ಇಂಗ್ಲಿಷ್ ಪ್ರಕಟಣೆಯೇ ವಾಸಿ ಎನ್ನಿಸೀತು.

ಇಷ್ಟಕ್ಕೆ ದೊಡ್ಡ ಸಮಿತಿ ಬೇಡ. ವಿಭಾಗಗಳ ಪ್ರಕಟಣೆಗಳನ್ನು ಒಟ್ಟುಮಾಡಲು ಇಬ್ಬರು, ಕನ್ನಡದಲ್ಲಿ ಬರೆಯಲು ಇಬ್ಬರು, ಅಚ್ಚಿಗೆ ಹೋಗುವ ಮುನ್ನ ದಿನ-ವೇಳೆಗಳನ್ನು ಮತ್ತೊಮ್ಮೆ ತಾಳೆ ನೋಡಲು ಒಬ್ಬರು. ಸಂಶೋಧನಾ ವಿದ್ಯಾರ್ಥಿಗಳು ಹಲವು ವರ್ಷ ಇಲ್ಲೇ ಇರುವುದರಿಂದ ಹೊಣೆ ಅವರಲ್ಲಿದ್ದರೆ ಕೆಲಸ ನಡುವೆ ನಿಲ್ಲುವುದಿಲ್ಲ. ಕಾಗದ ಮತ್ತು ಅಚ್ಚಿನ ಖರ್ಚನ್ನು ಕನ್ನಡ ಸಂಘಗಳು ಸರದಿಯಂತೆ ಹೊರಬಹುದು. ಆವರಣದ ನೆರೆಯಲ್ಲೇ ಇರುವ, ನೀಟಿ ಎಂದು ಹೆಸರಾಗಿ 2023ರಲ್ಲಿ ಐಐಎಂ ಮುಂಬಯಿ ಆದ ಸಂಸ್ಥೆಯ ಕನ್ನಡ ವಿದ್ಯಾರ್ಥಿಗಳೂ ಕೈಜೋಡಿಸಿದರೆ ಅಲ್ಲಿನ ಕಾರ್ಯಕ್ರಮಗಳೂ ಇದೇ ಹಾಳೆಗೆ ಸೇರುತ್ತವೆ.

ಮೊದಲ ಹಾಳೆ ಹೊರಡಲು ಜುಲೈ ಕೊನೆಯ ವಾರ ಒಳ್ಳೆಯದು. ಹೊಸ ವಿದ್ಯಾರ್ಥಿಗಳು ಆಗಷ್ಟೇ ಬಂದಿರುತ್ತಾರೆ, ಡಿಸೆಂಬರಿನ ಹಬ್ಬಗಳ ಸ್ಪರ್ಧೆಗಳಿಗೆ ತಯಾರಾಗಲು ಸಮಯ ಇರುತ್ತದೆ, ಯುಸೀಡ್ ಅರ್ಜಿಯ ಕಾಲ ಇನ್ನೂ ಮುಂದಿರುತ್ತದೆ. ಪ್ರತಿಗಳನ್ನು ಪವಾಯಿ, ಚಾಂದಿವಲಿ, ಭಾಂಡುಪ್, ಕಾಂಜೂರ್‌ಮಾರ್ಗದ ಉಡುಪಿ ಹೊಟೇಲುಗಳ ಗಲ್ಲಾದಲ್ಲೂ ಕನ್ನಡ ಶಾಲೆಗಳಲ್ಲೂ ಮಾಟುಂಗಾದ ಸಂಘಗಳಲ್ಲೂ ಕಲೀನಾದ ಕನ್ನಡ ವಿಭಾಗದಲ್ಲೂ ಇಡಬೇಕು. ಕ್ಯಾಂಪಸ್ಸಿನಲ್ಲಿರುವ ಕನ್ನಡ ವಿದ್ಯಾರ್ಥಿಗಳು ತಮ್ಮ ವಿಭಾಗದಲ್ಲಿ ಮುಂದಿನ ತಿಂಗಳು ನಡೆಯಲಿರುವ, ಹೊರಗಿನವರು ಬರಬಹುದಾದ ಒಂದೊಂದು ಕಾರ್ಯಕ್ರಮದ ವಿವರವನ್ನು ಈ ವಾರವೇ ಬರೆದುಕೊಟ್ಟರೆ ಮೊದಲ ಹಾಳೆ ತುಂಬುತ್ತದೆ.