ನಾರಿನೊಡನೆ ಹೂವು

ಉಪ್ಪಿನಕಾಯಿಯ ಜಾಡಿಯಲ್ಲಿ ಬೂಷ್ಟು ಕಂಡರೆ ಹಿಂದೆ ಮನೆಯಾಕೆ ಅತ್ತೆಯನ್ನೋ ನೆರೆಮನೆಯ ಹಿರಿಯರನ್ನೋ ಕೇಳುತ್ತಿದ್ದಳು. ಈಗ ಫೋನನ್ನು ಕೈಗೆತ್ತಿಕೊಂಡು ಗೂಗಲ್ಲನ್ನು ಕೇಳುತ್ತಾಳೆ. ಎವೆಯಿಕ್ಕುವುದರೊಳಗೆ ಉತ್ತರಗಳ ಸಾಲೊಂದು ಅವಳ ಮುಂದೆ ಬಂದು ನಿಲ್ಲುತ್ತದೆ. ಸಾಲಿನ ತಲೆಯಲ್ಲಿರುವ ಎರಡು ಮೂರನ್ನು ಅವಳು ನೋಡಿಯಾಳು. ಇಪ್ಪತ್ತನೆಯದರವರೆಗೆ ಇಳಿಯುವ ತಾಳ್ಮೆ ಯಾರಿಗಿದೆ? ಆ ಇಪ್ಪತ್ತನೆಯ ಸ್ಥಾನದಲ್ಲಿ ಕುಳಿತಿರುವಾತ ಹೋದ ತಿಂಗಳು ಮೊದಲನೆಯವನಾಗಿದ್ದನೆಂಬುದು ಅವಳಿಗೆ ತಿಳಿಯುವುದಾದರೂ ಹೇಗೆ?

ಜಾಲತಾಣ ನಡೆಸುವ ಎಷ್ಟೋ ಜನರ ಬದುಕು ಈ ಸಾಲನ್ನೇ ನೆಚ್ಚಿಕೊಂಡಿದೆ. ಬಂದವರ ಸಂಖ್ಯೆಗೆ ತಕ್ಕಷ್ಟು ಜಾಹೀರಾತಿನ ಹಣ, ಆ ಹಣದಿಂದ ಬರೆಯುವವರ ಸಂಬಳ. ಸಾಲನ್ನು ಜೋಡಿಸುವ ಲೆಕ್ಕಾಚಾರದ ಕ್ರಮಕ್ಕೆ ಅಲ್ಗಾರಿದಮ್ ಎಂದು ಹೆಸರು. ಗೂಗಲ್ ಸಂಸ್ಥೆ ಅದನ್ನು ಸದಾ ಸಣ್ಣಪುಟ್ಟದಾಗಿ ತಿದ್ದುತ್ತಿರುತ್ತದೆ. ವರ್ಷಕ್ಕೆ ಕೆಲವು ಬಾರಿ ಬುಡದಿಂದಲೇ ಅಲುಗಿಸುತ್ತದೆ. ಅಂಥ ರಾತ್ರಿಯೊಂದು ಕಳೆದು ಬೆಳಗಾದಾಗ ಅಂಗಡಿ ಇದ್ದಲ್ಲಿಯೇ ಇರುತ್ತದೆ, ಸರಕೂ ಇರುತ್ತದೆ, ಬೀದಿ ಮಾತ್ರ ಬೇರೆಡೆಗೆ ತಿರುಗಿಕೊಂಡಿರುತ್ತದೆ.

2011ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ನಡೆದದ್ದು ಇದೇ. ಕೇಳಿದ ಪ್ರಶ್ನೆಗಳಲ್ಲಿ ಶೇಕಡಾ 11.8ರಷ್ಟರ ಉತ್ತರಗಳನ್ನು ಕಣ್ಣಿಗೆ ಕಾಣುವಂತೆ ಏರುಪೇರು ಮಾಡುವ ಬದಲಾವಣೆಯನ್ನು ಜಾರಿಗೆ ತಂದುದಾಗಿ ಗೂಗಲ್ ಪ್ರಕಟಿಸಿತು. ಅದಕ್ಕೆ ಪಾಂಡಾ ಎಂದು ಹೆಸರಾಯಿತು. ಅದರ ಹಿಂದೆ ದುಡಿದ ಎಂಜಿನಿಯರರೊಬ್ಬರ ಹೆಸರು ಅದು. ಚೀನದ ಕರಡಿಗೂ ಇದಕ್ಕೂ ಸಂಬಂಧವಿಲ್ಲ. ಕಾಸಿಗೊಂದು ಕೊಸರಿಗೊಂದರಂತೆ ಲೇಖನಗಳನ್ನು ಬರೆಯಿಸಿ ಅಂತರಜಾಲದಲ್ಲಿ ರಾಶಿ ಹಾಕುತ್ತಿದ್ದ ತಾಣಗಳನ್ನು ಕೆಳಗಿಳಿಸುವುದು ಅದರ ಉದ್ದೇಶ. ಉದ್ದೇಶವನ್ನು ಹಳಿಯುವಂತಿಲ್ಲ. ಆದರೆ ಈ ಕ್ರಮವು ಪುಟವೊಂದನ್ನು ಮಾತ್ರ ನೋಡದೆ ಇಡೀ ತಾಣದ ಗುಣವನ್ನೇ ತೂಗುತ್ತಿತ್ತು. ಹೂವಿನೊಡನೆ ನಾರೂ ಸ್ವರ್ಗಕ್ಕೆ ಹೋಯಿತೆಂಬ ಗಾದೆಯುಂಟು. ಇಲ್ಲಿ ನಾರಿನೊಡನೆ ಹೂವೂ ಪಾತಾಳಕ್ಕಿಳಿಯಿತು.

ಸ್ಯಾನ್ ಫ್ರಾನ್ಸಿಸ್ಕೋ ನಗರದ ಹಬ್‌ಪೇಜಸ್ ಎಂಬ ತಾಣಕ್ಕೆ ಆದದ್ದು ಇದೇ ಗತಿ. ಅಡುಗೆ, ಸಾಕುಪ್ರಾಣಿ, ಕಸೂತಿ, ಚರಿತ್ರೆ, ಹೀಗೆ ತಮಗೆ ತಿಳಿದ ವಿಷಯವನ್ನು ಅಲ್ಲಿ ಸಹಸ್ರಾರು ಮಂದಿ ಬರೆಯುತ್ತಿದ್ದರು. ಜಾಹೀರಾತಿನ ಆದಾಯದಲ್ಲಿ ಅವರಿಗೂ ಪಾಲು. ಬಲ್ಲವರೂ ಇದ್ದರು, ಅಲ್ಲಿ ಇಲ್ಲಿ ಹೆಕ್ಕಿ ತುಂಬುವವರೂ ಇದ್ದರು. ಪಾಂಡಾ ಬಂದ ಮೇಲೆ ಬರುವ ಓದುಗರು ಸುಮಾರು ಅರ್ಧಕ್ಕೆ ಇಳಿದರು. ಶ್ರದ್ಧೆಯಿಂದ ಬರೆದವರಿಗೂ ಸೋಮಾರಿಗೂ ಒಂದೇ ದಂಡ.

ತಾಣದ ಮುಖ್ಯಸ್ಥರು ಗೂಗಲ್ಲಿನವರನ್ನೇ ಕೇಳಿದರು. ಪ್ರತಿಯೊಬ್ಬ ಬರಹಗಾರನ ಪುಟಗಳನ್ನು ಬೇರೆ ಬೇರೆ ಉಪವಿಳಾಸದ ಕೆಳಗೆ ಇಟ್ಟು ನೋಡಬಹುದೆಂಬ ಸೂಚನೆ ಅಲ್ಲಿಂದ ಬಂದಿತು. ಆ ವರ್ಷದ ಬೇಸಿಗೆಯಲ್ಲಿ ಅವರು ಹಾಗೆಯೇ ಮಾಡಿದರು. ಅವಿಭಕ್ತ ಕುಟುಂಬವೊಂದು ಪಾಲಾಗಿ, ದುಡಿಯುವ ಮಗನ ಲೆಕ್ಕ ಬೇರೆ, ಉಂಡಾಡಿಯ ಲೆಕ್ಕ ಬೇರೆ ಆದಂತೆ. ಕೆಲವರ ಪುಟಗಳು ಕೆಲವೇ ವಾರಗಳಲ್ಲಿ ಹಳೆಯ ಸ್ಥಾನಕ್ಕೆ ಬಂದವು. ಕೆಲವರವು ಬರಲೇ ಇಲ್ಲ. ಕೆಲವು ವರ್ಷಗಳ ತರುವಾಯ ಅದೇ ಸಂಸ್ಥೆ ಒಳ್ಳೆಯ ಲೇಖನಗಳನ್ನು ಆರಿಸಿ, ಸಂಪಾದಕರಿಂದ ತಿದ್ದಿಸಿ, ವಿಷಯಕ್ಕೊಂದರಂತೆ ಪ್ರತ್ಯೇಕ ತಾಣಗಳಲ್ಲಿ ನೆಲೆಗೊಳಿಸಿತು. ಪಾಲು ಮಾಡಿಕೊಂಡದ್ದು ಒಂದು ಬೇಸಿಗೆಯ ಕೆಲಸ. ಈ ಶುದ್ಧೀಕರಣ ವರ್ಷಗಳನ್ನೇ ನುಂಗಿತು.

ಇಂಥ ತಾಣಗಳನ್ನು ಚೇತರಿಸುವ ವೃತ್ತಿಯವರೂ ಈಗ ಇದ್ದಾರೆ. ಅವರಲ್ಲಿ ಬಲ್ಲವರು ಮೊದಲು ನಾಡಿ ಹಿಡಿಯುತ್ತಾರೆ, ಮದ್ದು ಆಮೇಲೆ. ಓದುಗರು ಕುಗ್ಗಿದ ದಿನ ಮತ್ತು ಗೂಗಲ್ ಬದಲಾವಣೆ ಸಾರಿದ ದಿನ ಒಂದಕ್ಕೊಂದು ಹೊಂದುತ್ತವೆಯೇ? ಹೊಂದದಿದ್ದರೆ ದೋಷ ಮನೆಯೊಳಗೇ ಇರಬಹುದು: ಯಾರೋ ಅಜಾಗರೂಕತೆಯಿಂದ, ಈ ಪುಟವನ್ನು ಪಟ್ಟಿಗೆ ಸೇರಿಸಬೇಡಿರಿ ಎಂಬ ಸಂಕೇತವನ್ನು ಪುಟದಲ್ಲಿ ಬಿಟ್ಟಿರಬಹುದು. ಗೂಗಲ್ ತಾಣದೊಡೆಯರಿಗೆ ಉಚಿತವಾಗಿ ಕೊಡುವ ಸರ್ಚ್ ಕನ್ಸೋಲ್ ಎಂಬ ಲೆಕ್ಕದ ಪುಸ್ತಕವನ್ನು ಬಿಡಿಸಿದರೆ ಬಹಳಷ್ಟು ತಿಳಿಯುತ್ತದೆ. ಸ್ಥಾನ ಹಾಗೆಯೇ ಇದ್ದು ಕಾಣಿಸಿಕೊಂಡ ಲೆಕ್ಕ ತಗ್ಗಿದ್ದರೆ ಜನ ಆ ಪ್ರಶ್ನೆಯನ್ನು ಕೇಳುವುದೇ ಕಡಿಮೆಯಾಗಿದೆ ಎಂದರ್ಥ. ಮಾವಿನ ಕಾಲ ಮುಗಿದ ಮೇಲೆ ಮಾವಿನಕಾಯಿಯ ಗೊಜ್ಜನ್ನು ಯಾರು ಹುಡುಕುತ್ತಾರೆ? ಸ್ಥಾನವೂ ಅದೇ, ಕಂಡದ್ದೂ ಅಷ್ಟೇ, ಒಳಗೆ ಬಂದವರು ಮಾತ್ರ ಕಡಿಮೆ ಎಂದಾದರೆ, 2024ರಿಂದ ಗೂಗಲ್ ತಾನೇ ಸಾಲಿನ ಮೇಲೆ ಸಿದ್ಧಪಡಿಸಿ ಬಡಿಸುತ್ತಿರುವ ಉತ್ತರದಿಂದಲೇ ಜನ ತೃಪ್ತರಾಗಿ ಹೋಗಿರುವ ಸಂಭವವುಂಟು.

ಇನ್ನೊಂದು ಭೇದವಿದೆ. ಗೂಗಲ್ಲಿನ ನೌಕರರು ಕಣ್ಣಾರೆ ನೋಡಿ ದಂಡ ವಿಧಿಸಿದ್ದರೆ ನೋಟೀಸು ಬರುತ್ತದೆ. ತಪ್ಪನ್ನು ತಿದ್ದಿಕೊಂಡು ಮರುಪರಿಶೀಲನೆಗೆ ಅರ್ಜಿ ಹಾಕಬಹುದು. ಅಲ್ಗಾರಿದಮ್ಮಿನ ತೀರ್ಪಿಗೆ ನೋಟೀಸೂ ಇಲ್ಲ, ಮೇಲ್ಮನವಿಯೂ ಇಲ್ಲ. ಬರಹವನ್ನು ಹಸನುಗೊಳಿಸಿ, ತಿಂಗಳುಗಟ್ಟಲೆ, ಕೆಲವೊಮ್ಮೆ ಮುಂದಿನ ದೊಡ್ಡ ಬದಲಾವಣೆಯವರೆಗೂ ಕಾಯಬೇಕು. ಹಳೆಯ ಲೇಖನಕ್ಕೆ ಹೊಸ ತಾರೀಖು ಅಂಟಿಸುವವರನ್ನು ಗೂಗಲ್ಲೇ ಎಚ್ಚರಿಸಿದೆ. 2011ರ ಮೇ ತಿಂಗಳಲ್ಲಿ ಅದರ ಹಿರಿಯ ಎಂಜಿನಿಯರ್ ಅಮಿತ್ ಸಿಂಘಲ್ ಅವರು ತಾಣದೊಡೆಯರು ತಮ್ಮನ್ನು ತಾವೇ ಕೇಳಿಕೊಳ್ಳಬೇಕಾದ ಕೆಲವು ಪ್ರಶ್ನೆಗಳನ್ನು ಪ್ರಕಟಿಸಿದರು. ಇಂಥ ಲೇಖನ ಅಚ್ಚಾದ ಪತ್ರಿಕೆಯಲ್ಲೋ ಪುಸ್ತಕದಲ್ಲೋ ಬರಲು ತಕ್ಕದ್ದೆ ಎಂಬುದು ಅವುಗಳಲ್ಲೊಂದು. ಅಚ್ಚುಮೊಳೆಗೆ ಕಂಪ್ಯೂಟರಿನವರಿಂದ ಸಂದ ಈ ಗೌರವವನ್ನು ಪತ್ರಿಕೆಯ ವಾಚಕರು ಗಮನಿಸಬೇಕು.

ಆದರೆ ಏನನ್ನೂ ತಪ್ಪು ಮಾಡದವನ ಪಾಡೇನು? ಮ್ಯಾಟ್ ಹಾಯೀ ಎಂಬವರು 1999ರಲ್ಲಿ ಆರಂಭಿಸಿದ ಮೆಟಾಫಿಲ್ಟರ್ ಎಂಬ ತಾಣ ಸಭ್ಯತೆಗೆ ಹೆಸರಾದುದು. ಸದಸ್ಯರು ಒಂದು ಬಾರಿ 5 ಡಾಲರ್ ತೆತ್ತು ಸೇರುತ್ತಿದ್ದರು. ಪ್ರಶ್ನೋತ್ತರಗಳನ್ನು ಸಂಬಳದ ಮೇಲ್ವಿಚಾರಕರು ಹಗಲಿರುಳು ನೋಡಿಕೊಳ್ಳುತ್ತಿದ್ದರು. 2012ರ ನವೆಂಬರಿನಲ್ಲಿ ಒಂದೇ ರಾತ್ರಿಯಲ್ಲಿ ಓದುಗರು ಶೇಕಡಾ 40ರಷ್ಟು ಕಡಿಮೆಯಾದರು. ಸಾಲದುದಕ್ಕೆ ಬೇರೆ ತಾಣದವರಿಂದ ಪತ್ರಗಳು ಬರತೊಡಗಿದವು: ನಿಮ್ಮಲ್ಲಿ ನಮಗಿರುವ ಕೊಂಡಿಯನ್ನು ದಯವಿಟ್ಟು ಅಳಿಸಿರಿ ಎಂದು. ಆ ವರ್ಷದ ಏಪ್ರಿಲಿನಲ್ಲಿ ಪೆಂಗ್ವಿನ್ ಎಂಬ ಮತ್ತೊಂದು ಬದಲಾವಣೆ, ಕೊಂಡುತಂದ ಕೃತಕ ಕೊಂಡಿಗಳನ್ನು ದಂಡಿಸತೊಡಗಿತ್ತು. ಆ ಭಯದಲ್ಲಿ ಜನ ಒಳ್ಳೆಯ ಕೊಂಡಿ ಯಾವುದು, ಕೆಟ್ಟದ್ದು ಯಾವುದು ಎಂದು ನೋಡದೆ ಎಲ್ಲವನ್ನೂ ಕಡಿಯುತ್ತಿದ್ದರು.

ಹಾಯೀ ಒಂದೂವರೆ ವರ್ಷ ಕಾರಣ ಹುಡುಕಿದರು, ಸಿಗಲಿಲ್ಲ. 2014ರ ಮೇ ತಿಂಗಳಲ್ಲಿ, ಮೇಲ್ವಿಚಾರಕರಲ್ಲಿ ಮೂವರನ್ನು ಕೆಲಸದಿಂದ ಬಿಡಿಸಬೇಕಾಗಿದೆಯೆಂದು ಅವರು ಬಹಿರಂಗವಾಗಿ ಬರೆದರು. ಅದನ್ನೋದಿದ ಸದಸ್ಯರು ತಿಂಗಳಿಗಿಷ್ಟು ಕೊಡುವೆವೆಂದು ತಾವಾಗಿ ಮುಂದೆ ಬಂದರು. ಗೂಗಲ್ಲಿಗೆ ಬಂದು ಹೋಗುವ ಜನ ಅವರಲ್ಲ. ಸಂಜೆ ಕಟ್ಟೆಗೆ ಬಂದು ಕೂರುವವರಂತೆ ತಾಣದ ಹೆಸರನ್ನೇ ಹೇಳಿಕೊಂಡು ನೇರವಾಗಿ ಬರುತ್ತಿದ್ದವರು. ಅವರ ಹಣದಿಂದ ತಾಣ ಉಳಿಯಿತು. ಅದರ ಮುಂದಿನ ತಿಂಗಳು ಗೂಗಲ್ಲಿನ ಮ್ಯಾಟ್ ಕಟ್ಸ್ ಅವರು, ಮೆಟಾಫಿಲ್ಟರ್ ಒಳ್ಳೆಯ ತಾಣವೇ, ಅದು ಅಲ್ಗಾರಿದಮ್ಮಿನ ಬದಲಾವಣೆಗೆ ಸಿಲುಕಿತ್ತೆಂದು ಸಭೆಯೊಂದರಲ್ಲಿ ಒಪ್ಪಿಕೊಂಡರು. ಅಷ್ಟರಲ್ಲಿ ಆ ಮೂವರು ಬೇರೆ ಕೆಲಸ ಹುಡುಕಬೇಕಾಗಿ ಬಂದಿತ್ತು.