ಬೆಕ್ಕಿನ ರೋಮ ಬಾಚೂದೂ ಒಂದ್ ಕೆಲ್ಸವೇ

ಹೋಯ್, ನಮ್ ಬಾರ್ಕೂರ್ ಬದಿಯಂಗೆ ಮದಿ ಮಾತುಕತಿಗೆ ಬಂದವ್ರ್ ಹೆಣ್ಣಿಗೆ ಎಂತ ಕೆಲ್ಸ ಅಂದೇಳಿ ಕೇಂತ್ರ್. ಬ್ಯಾಂಕ್ ಅಂದ್ರೆ ಗೊತ್ತಾತ್ತ್, ಟೀಚರ್ ಅಂದ್ರೂ ಗೊತ್ತಾತ್ತ್. "ಬೆಂಗ್ಳೂರಂಗೆ ಸಿನೆಮಾದ ನಾಯಿ-ಬೆಕ್ಕಿಗೆ ಕಂಪ್ಯೂಟರಂಗೆ ರೋಮ ಬರ್ಸೂ ಕೆಲ್ಸ" ಅಂದ್ರೆ ಮಾತ್ರ ನೆಗಿ ಬತ್ತ್. "ಅದನ್ನೆಲ್ಲ ಕಂಪ್ಯೂಟರೇ ಮಾಡತ್ತಲೆ!" ಅಂತ್ರ್. ನನ್ ಅಭಿಪ್ರಾಯ ಕೇಂಡ್ರೆ, ಈ ಮಾತ್ ತಪ್ಪ್.

ನಿಮ್ಮನಿ ಒಲಿಬುಡದಂಗೆ ಬಿದ್ಕಂಡ ಬೆಕ್ಕನ್ನ ಒಂದ್ ಗಳ್ಗಿ ಸಮಾ ಕಾಣಿ. ಮೂಗಿನ ಮೇಲೆ ರೋಮ ಗಿಡ್ಡ, ಹೊಟ್ಟಿ ಅಡಿಗೆ ಉದ್ದ. ಮೇಲೆ ಒರಟ್ ರೋಮ, ಅದ್ರಡಿಗೆ ಹತ್ತಿ ಹಾಂಗಿನ ಮೆದು ರೋಮ. ಮಳಿಗೆ ಚಂಡಿ ಆದ್ರೆ ಗುಂಪ್ ಗುಂಪಾಯಿ ಅಂಟ್ಕಂಡ್ ಬೆಕ್ಕೇ ಅರ್ಧ ಆತ್ತ್. ಇದನ್ನೆಲ್ಲ ಕಂಪ್ಯೂಟರಿಗೆ ಹೇಳ್ಕೊಡುಕೆ ಒಬ್ರ್ ಬೇಕಲೆ?

ಮೊದ್ಲ್ ಎಲುಬು, ಮಾಂಸಖಂಡ, ಚರ್ಮ ಮಾಡ್ಕ್. ಮತ್ತೆ ಕೆಲವ್ ಸಾವ್ರ ‘ಗೈಡ್’ ರೋಮ ನೆಟ್ಟ್, ಯಾವ್ ಬದಿಗೆ ಬಾಗ್ಕ್, ಎಷ್ಟ್ ಉದ್ದ ಇರ್ಕ್ ಅಂದೇಳಿ ಬಾಚ್ಕ್. ಅದಕ್ಕೆ ಗ್ರೂಮಿಂಗ್ ಅಂತ್ರ್. ಆ ರೋಮಗಳ ನಡುವೆ ಲಕ್ಷಗಟ್ಲೆ ತುಂಬ್ಸೂದಷ್ಟೇ ಕಂಪ್ಯೂಟರಿನ ಪಾಲ್. 2001ರ ‘ಮಾನ್‌ಸ್ಟರ್ಸ್, ಇಂಕ್’ ಚಿತ್ರದ ಸಲ್ಲಿ ಅಂಬ ರಾಕ್ಷಸನ ಮೈಮೇಲೆ ಸುಮಾರು 23 ಲಕ್ಷ ರೋಮ. ಬೆಳಕಿನ ಲೆಕ್ಕವೂ ಸಸಾರ ಅಲ್ಲ. ಮನ್ಷರ ಕೂದ್ಲಿನ ಒಳಗಿನ ತಿರುಳು ಸಪೂರ, ಪ್ರಾಣಿ ರೋಮದ್ದ್ ದಪ್ಪ. ಬೆಳಕ್ ಅಲ್ಲಿ ಚದುರೂದ್ರಿಂದ ಬೆಕ್ಕ್ ಮೆದು ಕಾಂತ್ತ್. ಮನ್ಷರ ಲೆಕ್ಕವನ್ನೇ ಹಾಕ್ರೆ ಬೆಕ್ಕಿಗೆ ತೆಂಗಿನೆಣ್ಣಿ ಹಚ್ಚಿದ ಹಾಂಗೆ ಕಾಂಗ್.

ನಿಜದ ಪ್ರಾಣಿಯನ್ನೇ ತಕಂಡ್ ಬಂದ್ರೆ ಆತಿಲ್ಯಾ ಅಂದ್ರೆ, ಕೆಲವ್ ಕಡೆ ಆತ್ತ್. ಕಾಸರಗೋಡಿನ ಕಿರಣ್‌ರಾಜ್ ನಿರ್ದೇಶನದ, ನಮ್ ಉಡುಪಿಯ ರಕ್ಷಿತ್ ಶೆಟ್ಟಿ ನಟಿಸಿದ 2022ರ ‘777 ಚಾರ್ಲಿ’ಯಂಗೆ ನಿಜವಾದ ಲ್ಯಾಬ್ರಡಾರೇ ಇದ್ದದ್ದ್. ಆದ್ರೆ ಹುಲಿ, ಚಿರತೆ, ಸಿಂಹ, ಕರಡಿ, ಮಂಗಗಳಿಗೆ ತರಬೇತಿ ಕೊಟ್ಟ್ ಪ್ರದರ್ಶನ ಮಾಡ್ಸುಕಾಗ ಅಂದೇಳಿ ಕೇಂದ್ರ ಸರ್ಕಾರ 1998ರಲ್ಲೇ ಹೇಳಿತ್ತ್. ನಾಯಿಯನ್ನ ಹೊಳಿಗೆ ತಳ್ಳೂದ್, ಬೆಂಕಿಯೊಳ್ಗೆ ಓಡ್ಸೂದ್ ಯಾರಿಗಾರೂ ಮನ್ಸ್ ಬತ್ತಾ? 2020ರ ‘ದಿ ಕಾಲ್ ಆಫ್ ದಿ ವೈಲ್ಡ್’ನ ಬಕ್ ಅಂಬ ನಾಯಿ ಪೂರ್ತಿ ಕಂಪ್ಯೂಟರಿನದ್ದ್. ಮೂಕ ಪ್ರಾಣಿಯ ನೋವನ್ನ ಈ ಮಕ್ಳ ಕೈಕೆಲ್ಸ ತಪ್ಪಿಸ್ತ್. ಅದ್ ಸಣ್ ಸಂಗತಿ ಅಲ್ಲ.

ಈಗ ಎಐಗೆ ಒಂದ್ ಸಾಲ್ ಬರ್ದ್ ಕೊಟ್ರೆ ಬೆಕ್ಕ್ ದೋಸಿ ಹೊಯ್ಯತ್ತ್ ಅಂತ್ರಿ. ಹೌದ್, ನಾನೂ ವಾಟ್ಸಾಪಂಗೆ ಕಂಡಿದೆ. ಆದ್ರೆ ಸಿನೆಮಾದಂಗೆ ನೂರಾರ್ ದೃಶ್ಯ ಬಂದ್ರೂ ಅದೇ ಬೆಕ್ಕ್ ಇರ್ಕ್, ಮಚ್ಚೆ ಅದೇ ಜಾಗದಂಗೆ ಇರ್ಕ್. ಅದನ್ನ ಹಿಡ್ದ್ ತಿದ್ದುಕೆ ಕಣ್ಣಿಟ್ಟ್ ಕಾಂಬವ್ರೇ ಬೇಕ್.

ಬೇಜಾರಿನ ಸಂಗತಿ ಬೇರೆ ಇತ್ತ್. ‘ಲೈಫ್ ಆಫ್ ಪೈ’ ಚಿತ್ರದ ಹುಲಿಯನ್ನ ಮಾಡಿದ ರಿದಮ್ ಅಂಡ್ ಹ್ಯೂಸ್ ಕಂಪನಿ 2013ರ ಫೆಬ್ರವರಿಯಂಗೆ ದಿವಾಳಿ ಅರ್ಜಿ ಹಾಕ್ತ್. ಅದೇ ತಿಂಗ್ಳ್ ಆ ಕೆಲ್ಸಕ್ಕೆ ಆಸ್ಕರ್ ಬಂತ್. ‘ದಿ ಜಂಗಲ್ ಬುಕ್’ಗೆ ದುಡಿದ ಎಂಪಿಸಿಗೆ ಬೆಂಗ್ಳೂರಂಗೂ ಸ್ಟುಡಿಯೋ ಇದ್ದಿತ್. ಆ ಚಿತ್ರಕ್ಕೂ 2017ರಲ್ಲಿ ಆಸ್ಕರ್ ಸಿಕ್ತ್. 2025ರಲ್ಲಿ ಅದ್ರ ಮಾಲೀಕ ಸಂಸ್ಥೆ ಟೆಕ್ನಿಕಲರ್ ಕುಸಿದ್ ಬಿದ್ದ್, ನಮ್ ದೇಶದಂಗೆ ಸಾವ್ರಾರ್ ಮಂದಿ ಕೆಲ್ಸ ಕಳ್ಕಂಡ್ರ್. ಹೀಂಗ್ ಕೆಲ್ಸ ಹೋದ ಮಕ್ಳ್ ಊರಿಗೆ ಬಂದಾಗ "ರೋಮ ಬಾಚೂ ಕೆಲ್ಸ ಅಲ್ದಾ, ಹೋದ್ರೆ ಹೋಯ್ಲಿ" ಅಂದ್ರೆ ಅವ್ಕೆ ಹ್ಯಾಂಗ್ ಆಯ್ಕ್ ಹೇಳಿ?

ಅಕ್ಕ, ಚಿಕ್ಕಿ, ಅತ್ತಿ, ಈ ನೋವ್ ನಮ್ಗೆ ಹೊಸ್ತಲ್ಲ. ನೂರ್ ಮಂದಿಗೆ ಬೇಯ್ಸಿ ಹಾಕಿದ್ ಮೇಲೂ "ಮನಿಯಂಗೆ ಸುಮ್ನೆ ಇಪ್ಪುದ್" ಅಂದೇಳಿ ಹೇಳ್ಸ್ಕಂಡವ್ರ್ ನಾವ್. ನಮ್ಮೂರ ಕತ್ತಲೆ ಬಸದಿ ಕಲ್ಲ್ ಕೆತ್ತಿದವ್ರ ಹೆಸ್ರ್ ನಮ್ಮಂಗೆ ಎಷ್ಟ್ ಜನಕ್ಕೆ ಗೊತ್ತಿತ್ತ್? ಕೆಲ್ಸ ಸಮಾ ಆದಷ್ಟೂ ಮಾಡಿದವ್ರ್ ಕಾಂತಿಲ್ಲ.

ಹಾಂಗಾಯಿ ಇನ್ನ್ ಮೇಲೆ ಸಿನೆಮಾ ಮುಗ್ದ ಕೂಡ್ಲೆ ಏಳ್ಬೇಡಿ, ಹೆಸ್ರ್ ಪೂರ್ತಿ ಹೋಪಲ್ಲಿವರೆಗೆ ಕೂಕಣಿ. ಅಂಥ ಕೆಲ್ಸದ ಹೆಣ್ಣ್ ಮನಿಗೆ ಬಂದ್ರೆ "ಸಂಬ್ಳ ಎಷ್ಟ್" ಅಂಬುಕೆ ಮುಂಚೆ "ಯಾವ್ ಪ್ರಾಣಿ ಮಾಡ್ದೆ ಮಗಾ, ತೋರ್ಸ್ ಕಾಂಬ" ಅಂದೇಳಿ ಕೇಣಿ.